ಹತ್ತು ಟನ್ನಿನ ಬಾಂಬಿಗೆ ಅತ್ತೆ ಹೇಳಿದ ಮಾತು

ಮೊನ್ನೆ ಪ್ಲಂಬರ್ ಬಂದು ನಮ್ಮ ಮನೆಯ ಬಿಸಿನೀರಿನ ಹಳೆಯ ಸಿಲಿಂಡರನ್ನು ಗೋಡೆಬೀರುವಿನಿಂದ ಕಿತ್ತು ಹಜಾರದಲ್ಲಿ ನಿಲ್ಲಿಸಿದ. ಇನ್ನೊಂದು ಪಾರ್ಟು ತರುತ್ತೇನೆ ಎಂದು ಹೋದವನು ಮಧ್ಯಾಹ್ನವಾದರೂ ತಿರುಗಿ ಬರಲಿಲ್ಲ. ಲಂಡನ್ನಿನ ಪ್ಲಂಬರುಗಳ ಬಗ್ಗೆ ನಾನು ಬೇರೆಯೇ ಬರೆಯಬೇಕು, ಇವತ್ತು ಬೇಡ. ಹಜಾರದಲ್ಲಿ ಆ ಗುಂಡನೆಯ ಲೋಹದ ವಸ್ತು ಕರೆಯದೇ ಬಂದ ನೆಂಟನಂತೆ ನಿಂತಿತ್ತು. ಅಡುಗೆಮನೆಗೆ ಹೋಗುವಾಗೊಮ್ಮೆ ಬರುವಾಗೊಮ್ಮೆ ಅದನ್ನು ಬಳಸಿ ನಡೆಯುತ್ತ ನನಗೆ ಅನ್ನಿಸಿತು: ಇದರ ಅಣ್ಣನನ್ನು ನಾನು ಎಲ್ಲೋ ನೋಡಿದ್ದೇನೆ. ಇದೇ ಮೈಕಟ್ಟು, ಇದಕ್ಕಿಂತ ಎಷ್ಟೋ ಉದ್ದ, ನಾಲ್ಕು ಸಾವಿರ ಪೌಂಡು ತೂಕ. ಹೆಸರು ಮಾತ್ರ ‘ಕುಕಿ’, ಅಂದರೆ ಬಿಸ್ಕತ್ತು.

ಗಾಬರಿಯಾಗಬೇಡಿ. ಬಾಂಬುಗಳ ವಿಷಯ ನನಗೆ ಗೊತ್ತಿರುವುದಕ್ಕೆ ಕಾರಣ ನನ್ನ ಅತ್ತೆ.

ನಾವು ಆಗಲೂ ಈಗಲೂ ಇರುವುದು ಲಂಡನ್ನಿನ ಉತ್ತರದ ಕೊಲಿಂಡೇಲ್‌ನಲ್ಲಿ. ಈಗ ಇಲ್ಲಿ ಎಲ್ಲಿ ನೋಡಿದರೂ ಗಾಜಿನ ಬಾಲ್ಕನಿಗಳ ಫ್ಲಾಟುಗಳು. ತೊಂಬತ್ತರ ದಶಕದಲ್ಲಿ ಹಾಗಿರಲಿಲ್ಲ. ಜೋಡಿಮನೆಗಳು, ಹಿಂದೆ ಒಂದು ತುಂಡು ಹುಲ್ಲು, ನಡುವೆ ಸೊಂಟದೆತ್ತರದ ಬೇಲಿ. ನಡೆದುಕೊಂಡೇ ಹೋಗುವಷ್ಟು ಹತ್ತಿರದಲ್ಲಿ ಹಳೆಯ ಯುದ್ಧವಿಮಾನಗಳ ದೊಡ್ಡ ಮ್ಯೂಸಿಯಂ. ಗಂಡ ಆಸ್ಪತ್ರೆಯಲ್ಲಿ ಡಾಕ್ಟರು, ಅಂದರೆ ಮನೆಯಲ್ಲಿ ಇರದ ಮನುಷ್ಯ. ನನಗೆ ಲೈಬ್ರರಿಯಲ್ಲಿ ಅರ್ಧ ದಿನದ ಕೆಲಸ, ಮಂಗಳವಾರ ರಜೆ. ಅಂಥ ಹೊತ್ತಿನಲ್ಲಿ ಒಂದು ಬೇಸಿಗೆ ನನ್ನ ಅತ್ತೆ ಆರು ತಿಂಗಳಿದ್ದು ಹೋಗಲು ಬಿಜಾಪುರದಿಂದ ಬಂದರು. ಈಗ ವಿಜಯಪುರ ಅನ್ನಬೇಕು, ಗೊತ್ತು. ಆದರೆ ಅತ್ತೆಯನ್ನು ನೆನೆದಾಗ ನನ್ನ ನಾಲಿಗೆ ಹಾಗೆ ಹೊರಳುವುದಿಲ್ಲ. ಮಾವನವರು ತೀರಿಕೊಂಡು ವರ್ಷ ಕಳೆದಿತ್ತು. ಸೂಟ್‌ಕೇಸಿನ ತುಂಬ ಖಟಿ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಪುಡಿ. ಸೀರೆಗಳು ಉಳಿದ ಜಾಗದಲ್ಲಿ.

ನಾನು ಅಂದುಕೊಂಡದ್ದು, ಭಾಷೆ ಬರದ ಊರಿನಲ್ಲಿ ಇವರಿಗೆ ಹೊತ್ತು ಹೋಗುವುದು ಕಷ್ಟ ಅಂತ. ಎರಡನೇ ವಾರಕ್ಕೇ ಅತ್ತೆ ಬೇಲಿಯ ಆಚೆಯ ಇಲ್ಜೆಯ ಜೊತೆ ಗಂಟೆಗಟ್ಟಲೆ ಮಾತಾಡತೊಡಗಿದರು. ಇಲ್ಜೆ ಜರ್ಮನಿಯವಳು, ಅರವತ್ತು ದಾಟಿದವಳು. ಮದುವೆಯಾಗಿ ನಲವತ್ತು ವರ್ಷದಿಂದ ಇಂಗ್ಲೆಂಡಿನಲ್ಲಿ ಇದ್ದವಳು. ಅವಳು ಇಂಗ್ಲಿಷಿನಲ್ಲಿ ಹೇಳುವುದು, ಇವರು ಬಿಜಾಪುರದ ಕನ್ನಡದಲ್ಲಿ ಉತ್ತರ ಕೊಡುವುದು. ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದ್ದರಿಂದ ಭಿನ್ನಾಭಿಪ್ರಾಯಕ್ಕೆ ಆಸ್ಪದವೇ ಇರಲಿಲ್ಲ. ಬೇಲಿಯ ಮೇಲಿಂದ ಆ ಕಡೆಗೆ ಶೇಂಗಾ ಹೋಳಿಗೆ ಹೋಗುತ್ತಿತ್ತು, ಈ ಕಡೆಗೆ ಪ್ಲಮ್ ಹಣ್ಣಿನ ಜಾಮ್ ಬರುತ್ತಿತ್ತು. ಅತ್ತೆ ಅವಳನ್ನು ‘ಇಲ್ಜಾಬಾಯಿ’ ಎಂದು ಕರೆಯುತ್ತಿದ್ದರು. ಅವಳು ಓಗೊಡುತ್ತಿದ್ದಳು.

ಇಲ್ಜೆಯ ಗಂಡ ಆರ್ಥರ್. ಎಪ್ಪತ್ತು ದಾಟಿದ, ಬೆನ್ನು ಬಾಗದ, ಮಾತುಗಾರ ಮುದುಕ. ಹರೆಯದಲ್ಲಿ ಇಂಗ್ಲೆಂಡಿನ ಪೂರ್ವದ ಒಂದು ವಾಯುನೆಲೆಯಲ್ಲಿ ಬಾಂಬರ್ ವಿಮಾನಗಳ ಹೊಟ್ಟೆಗೆ ಬಾಂಬು ಕಟ್ಟುವ ಕೆಲಸ ಅವನದು. ಅದನ್ನು ಪೋಸ್ಟ್‌ಮನ್ನಿಗೂ ಹೇಳಿದ್ದ, ನನಗೂ ಹೇಳಿದ್ದ. ಪ್ರತಿ ಮಂಗಳವಾರ ಬ್ಲೇಜರ್ ಹಾಕಿಕೊಂಡು ಮ್ಯೂಸಿಯಂಗೆ ಹೋಗಿ, ಶಾಲೆಯ ಮಕ್ಕಳಿಗೆ ಬಾಂಬುಗಳ ಬಗ್ಗೆ ವಿವರಿಸಿ ಬರುತ್ತಿದ್ದ. ಸಂಬಳವಿಲ್ಲ, ಪುಕ್ಕಟೆ ಸೇವೆ. ಇಲ್ಜೆ ಮಾತ್ರ ಆ ಮ್ಯೂಸಿಯಂನ ಹೊಸಲು ತುಳಿದವಳಲ್ಲ. ಅವಳು ಹುಟ್ಟಿದ ಊರಿನ ಮೇಲೆ ಅವಳ ಎಳೆತನದಲ್ಲಿ ಬಾಂಬು ಬಿದ್ದಿತ್ತು ಎಂದು ನನಗೆ ಒಮ್ಮೆ ಅಂದಿದ್ದಳು, ಅಷ್ಟೇ ಅಂದು ಜಾಮ್ ತಿರುವಲು ಹೋಗಿದ್ದಳು. ಎರಡಕ್ಕೆ ಎರಡು ಸೇರಿಸುವಷ್ಟು ಗಣಿತ ನನಗೂ ಬರುತ್ತದೆ. ಇಂಗ್ಲೆಂಡಿನಲ್ಲಿ ಇದ್ದು ಇದ್ದು, ಸೇರಿಸಿದ ಮೇಲೆ ಬಾಯಿ ಮುಚ್ಚಿಕೊಂಡಿರುವುದನ್ನೂ ಕಲಿತಿದ್ದೆ.

ಅತ್ತೆ ಅದನ್ನು ಕಲಿತಿರಲಿಲ್ಲ. ಮಂಗಳವಾರದ ಬೆಳಿಗ್ಗೆ ನಮ್ಮ ಕಿಟಕಿಯಿಂದ ಅವರು ನೋಡುತ್ತಿದ್ದರು. ಆರ್ಥರ್ ಗೇಟಿನ ಹತ್ತಿರ ನಿಂತು ಹೆಂಡತಿಗೆ ಏನೋ ಕೇಳುವುದು, ಅವಳು ಬೇಡವೆಂದು ತಲೆಯಾಡಿಸಿ ಒಳಗೆ ಹೋಗುವುದು, ಒಡನೆ ವ್ಯಾಕ್ಯೂಮ್ ಕ್ಲೀನರಿನ ಸದ್ದು.

“ಯವ್ವಾ, ಅವ್ರಿಬ್ಬರೂ ಮಾತು ಬಿಟ್ಟಾರ,” ಎಂದರು ಒಂದು ದಿನ.

“ಇಲ್ರೀ ಅತ್ತೀ, ದಿನಾ ಮಾತಾಡ್ತಾರ. ಎರಡು ವರ್ಷದಿಂದ ಆಕಿ ಛಾವಣಿ ಅಂಚಿನ ಸೋರೂ ಗಟರ್ ಸರಿಮಾಡು ಅಂತ ಹೇಳತಾಳ, ಅಂವ ಹೂಂ ಅಂತಾನ.”

“ಅದು ಮಾತಲ್ಲ. ಅವ್ರ ನಡಬರಕ ಏನೋ ಐತಿ. ಮುಂದಿನ ಮಂಗಳವಾರ ಆಕೀನ ಕರಕೊಂಡು ನಾವೂ ಹೋಗೂಣು. ಗಂಡ ಕೆಲಸಾ ಮಾಡೂ ಜಾಗಾ ಹೆಂಡತಿ ನೋಡಬಾರದೇನ?”

ನಾನು ವಿವರಿಸಲು ಹೋದೆ. ಯುದ್ಧ, ಜರ್ಮನಿ, ಬಾಂಬು, ಇಂಗ್ಲಿಷರ ಸಂಕೋಚ, ಪರರ ಖಾಸಗಿ ವಿಷಯ. ಅತ್ತೆ ಪೂರ್ತಿ ಕೇಳಿಸಿಕೊಂಡು, “ಅದಕ್ಕs ಹೋಗಬೇಕು,” ಎಂದರು.

ಮಂಗಳವಾರ ಬೆಳಿಗ್ಗೆ ಆರ್ಥರ್ ಅತ್ತ ಹೋದ, ವ್ಯಾಕ್ಯೂಮ್ ಕ್ಲೀನರ್ ಇತ್ತ ಶುರುವಾಯಿತು. ಅತ್ತೆ ಹಿಂಬಾಗಿಲಿನಿಂದ ಅವಳ ಅಡುಗೆಮನೆಗೆ ನುಗ್ಗಿ ಸ್ವಿಚ್ ಆರಿಸಿ, ಅವಳ ಕೈ ಹಿಡಿದು, “ನಡೀರಿ ಇಲ್ಜಾಬಾಯಿ,” ಎಂದರು. ನಾನು ಬಾಗಿಲಲ್ಲಿ ನಿಂತು ಕ್ಷಮೆ ಕೇಳುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡುತ್ತಿದ್ದೆ. ಇಲ್ಜೆ ಅತ್ತೆಯ ಕೈ ನೋಡಿದಳು, ನನ್ನ ಮುಖ ನೋಡಿದಳು. “ಮ್ಯೂಸಿಯಂಗಾ?” ಎಂದಳು. ನಾನು ಹೌದೆಂದೆ. ಅವಳು ಏಪ್ರನ್ ಬಿಚ್ಚಿ ಕೋಟು ತೆಗೆದುಕೊಂಡಳು. ನನಗೆ ಈಗಲೂ ಅನ್ನಿಸುವುದು, ಅಷ್ಟು ವರ್ಷ ಎಲ್ಲರೂ ಅವಳನ್ನು ‘ಬರುತ್ತೀಯಾ’ ಎಂದು ಸಭ್ಯವಾಗಿ ಕೇಳುತ್ತಿದ್ದರು. ಕೇಳಿದರೆ ಇಲ್ಲ ಅನ್ನಲು ದಾರಿ ಇರುತ್ತದೆ. ಕೈ ಹಿಡಿದು ಎಳೆದವರು ಯಾರೂ ಇರಲಿಲ್ಲ.

ಮ್ಯೂಸಿಯಂನ ಹಾಲ್ ನಮ್ಮೂರ ಕಾಟನ್ ಗೋದಾಮಿನಷ್ಟು ದೊಡ್ಡದು. ಕರಿಯ ಹೊಟ್ಟೆಯ ದೊಡ್ಡ ಬಾಂಬರ್ ವಿಮಾನದ ಹತ್ತಿರ ಬಾಂಬುಗಳನ್ನು ಜೋಡಿಸಿಟ್ಟಿದ್ದರು. ಎಲ್ಲ ಒಳಗೆ ಬರಿದು ಮಾಡಿದವು, ಸುತ್ತ ಒಂದು ಹಗ್ಗ. ಸಮವಸ್ತ್ರದ ಮಕ್ಕಳ ಒಂದು ತರಗತಿ ನೆಲದ ಮೇಲೆ ಚಕ್ಕಳಮಕ್ಕಳ ಕೂತಿತ್ತು. ಆರ್ಥರ್ ಆಗಲೇ ಶುರುಮಾಡಿದ್ದ. ಮೂಲೆಯ ಬೆಂಚಿನಲ್ಲಿ ಕೂತ ನಮ್ಮನ್ನು ಅವನು ನೋಡಲಿಲ್ಲ. ಅತ್ತೆ ನನ್ನ ಮುಂಗೈ ಹಿಡಿದು, “ಏನಂತಾನ ಹೇಳು,” ಎಂದರು. ಹೀಗೆ ನಾನು ಮಿತ್ರರಾಷ್ಟ್ರಗಳ ಬಾಂಬುಗಳ ಬಗೆಗಳನ್ನು ಬಿಜಾಪುರದ ಕನ್ನಡಕ್ಕೆ ಅನುವಾದಿಸಿದ ಮೊದಲಿಗಳಾದೆ. ಇದಕ್ಕೆ ಇನ್ನೂ ಯಾರೂ ಪ್ರಶಸ್ತಿ ಕೊಟ್ಟಿಲ್ಲ.

ಯುದ್ಧದ ಮೊದಲಿಗೆ ಇದ್ದವು ಸಾಧಾರಣ ಬಾಂಬುಗಳು, ಎಂದ ಆರ್ಥರ್. ಕಬ್ಬಿಣದ ಕವಚ ದಪ್ಪ, ಒಳಗೆ ಸಿಡಿಮದ್ದು ಕಡಿಮೆ. ಆಮೇಲಿನವು ಮಧ್ಯಮ, ಅರ್ಧ ಕವಚ, ಅರ್ಧ ಮದ್ದು. ಅದಾದ ಮೇಲೆ ಬಂದದ್ದು ಇದು, ಕುಕಿ. ಡಬ್ಬಿಯಂಥ ತೆಳು ಕವಚ, ಒಳಗೆಲ್ಲ ಮದ್ದೇ.

“ಹಂಗಂದ್ರ ಕಣಕ ಕಡಿಮಿ, ಹೂರಣ ಜಾಸ್ತಿ,” ಎಂದರು ಅತ್ತೆ. ನಾನು ಎಷ್ಟೋ ಪುಸ್ತಕ ಓದಿದ್ದೇನೆ, ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿಲ್ಲ. “ಖರೆ ಅಂದ್ರ ಅದು ಹಂಡೇದಂಗ ಐತಿ.” ಆರ್ಥರ್ ಮುಂದೆ ಹೇಳಿದ್ದು ಹೀಗೆ: ಈ ಹಂಡೆ ಮೊದಲು ಬಿದ್ದು ಬೀದಿಬೀದಿಯ ಛಾವಣಿ, ಕಿಟಕಿ ಹಾರಿಸುತ್ತದೆ. ಆಮೇಲೆ ಈ ಸಣ್ಣ ಬೆಂಕಿಕೋಲುಗಳು, ಒಂದೊಂದು ನಾಲ್ಕೇ ಪೌಂಡು, ಒತ್ತೊತ್ತಾಗಿ ಪೆಟ್ಟಿಗೆಯಲ್ಲಿ ಕೂರಲೆಂದು ಜೇನುಗೂಡಿನ ಕಣದಂತೆ ಆರು ಮೂಲೆ. ತೆರೆದ ಮನೆಗಳೊಳಗೆ ಬಿದ್ದು ಹೊತ್ತಿಕೊಳ್ಳುತ್ತವೆ. ಇದನ್ನು ಅನುವಾದಿಸುವಾಗ ನನ್ನ ದನಿ ಇಳಿಯಿತು. ಪಕ್ಕದಲ್ಲಿ ಇಲ್ಜೆ ಕೈಚೀಲವನ್ನು ತೊಡೆಯ ಮೇಲೆ ನೆಟ್ಟಗೆ ಇಟ್ಟುಕೊಂಡು ಕೂತಿದ್ದಳು. ಎದ್ದು ಹೋಗುತ್ತಾಳೆ, ನಾಳೆಯಿಂದ ಬೇಲಿಯ ಹತ್ತಿರ ಬರುವುದಿಲ್ಲ, ನಲವತ್ತು ವರ್ಷ ಅವರಿಬ್ಬರೂ ಜೋಪಾನವಾಗಿ ಮುಚ್ಚಿಟ್ಟದ್ದನ್ನು ನಾವು ಕೆದಕಿ ಸಂಸಾರ ಕೆಡಿಸಿದೆವು ಎಂದು ನನಗೆ ಖಾತ್ರಿಯಾಯಿತು.

ಆ ಗಾಬರಿಯಲ್ಲಿ ಅತ್ತೆ ನನ್ನ ಕೈ ಬಿಟ್ಟದ್ದು ತಿಳಿಯಲಿಲ್ಲ. ನೋಡುತ್ತೇನೆ, ಅವರು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಗ್ಗದ ಕೆಳಗೆ ನುಸುಳಿದ್ದಾರೆ. ಸಾಲಿನ ಕೊನೆಗೆ ಮಲಗಿದ್ದ ಎಲ್ಲಕ್ಕಿಂತ ದೊಡ್ಡ ಬಾಂಬು, ಹತ್ತು ಟನ್ನಿನದು, ನೆಲದ ಆಳಕ್ಕೆ ಹೊಕ್ಕು ಬುಡದಿಂದಲೇ ಎಲ್ಲ ಅಲುಗಿಸಲೆಂದು ಮೂತಿ ಚೂಪು ಮಾಡಿದ್ದು. ಅತ್ತೆ ಅದರ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, ಚೂಪು ಮೂತಿಯ ಹತ್ತಿರ ಬಾಯಿ ಒಯ್ದು ಏನೋ ಪಿಸುಗುಡುತ್ತಿದ್ದರು.

ಬಿಜಾಪುರದವರಿಗೆ ಇದು ವಿಚಿತ್ರವಲ್ಲ. ಅಲ್ಲಿ ಬುರುಜಿನ ಮೇಲೆ ಮಲಿಕ್-ಎ-ಮೈದಾನ್ ತೋಪು ಇದೆಯಲ್ಲ, ಸಿಂಹದ ಬಾಯಿಯದು, ಒಂದು ಕಾಲಕ್ಕೆ ಅದನ್ನು ಹಾರಿಸಿದವನು ಕಿವಿ ಉಳಿಸಿಕೊಳ್ಳಲು ಪಕ್ಕದ ನೀರಿಗೆ ಧುಮುಕುತ್ತಿದ್ದನಂತೆ. ಈಗ ಜನ ಅದನ್ನು ಮುಟ್ಟಿ, ಮನಸ್ಸಿನ ಬೇಡಿಕೆಯನ್ನು ಮೆಲ್ಲಗೆ ಹೇಳಿ ಬರುತ್ತಾರೆ. ಈಡೇರುತ್ತದೆ ಎಂಬ ನಂಬಿಕೆ. ಸುಟ್ಟದ್ದು ಸಾಕಾಗಿ ಸುಮ್ಮನೆ ಮಲಗಿದ ಆಯುಧಕ್ಕೆ ಪರರ ಮಾತು ಕೇಳಲು ಪುರುಸೊತ್ತು ಇರುತ್ತದೆ ಎಂದು ಅತ್ತೆಯ ಲೆಕ್ಕ. ಲಂಡನ್ನಿಗೆ ಬಂದ ಮಾತ್ರಕ್ಕೆ ಆ ಲೆಕ್ಕ ಬದಲಾಗಬೇಕೆಂದು ಅವರಿಗೆ ತೋಚಿರಲಿಲ್ಲ.

ಮಕ್ಕಳು ಕಿಸಕ್ಕನೆ ನಕ್ಕವು. ಆರ್ಥರ್ ತಿರುಗಿ, “ಮ್ಯಾಡಮ್, ದಯವಿಟ್ಟು ಮುಟ್ಟಬಾರದು,” ಎಂದವನು ಅತ್ತೆಯ ಗುರುತು ಹಿಡಿದ. ಅವರ ಹಿಂದೆ ನನ್ನನ್ನು ಕಂಡ. ಆಮೇಲೆ ಬೆಂಚಿನ ಮೇಲೆ ಹೆಂಡತಿಯನ್ನು ಕಂಡ. ಅವನ ಕೈಯಲ್ಲಿದ್ದ ತೋರುಕೋಲು ಕೆಳಗಿಳಿಯಿತು.

ನಾನು ಎದ್ದು ನಿಂತು ತೋಪಿನ ಕಥೆ ಹೇಳಲೇಬೇಕಾಯಿತು. ಮಕ್ಕಳಿಗೆ ಖುಷಿಯೋ ಖುಷಿ. ಒಬ್ಬಳು ಕೈಯೆತ್ತಿ, “ಅಜ್ಜಿ ಏನು ಬೇಡಿಕೊಂಡರು?” ಎಂದಳು. ನಾನು ಅತ್ತೆಯನ್ನು ಕೇಳಿದೆ. ಅವರು ಇಲ್ಜೆಯ ಕಡೆಗೊಮ್ಮೆ ಆರ್ಥರನ ಕಡೆಗೊಮ್ಮೆ ಬೆರಳು ತೋರಿಸಿ, ಹಾಲ್‌ಗೆಲ್ಲ ಕೇಳುವಂತೆ ಹೇಳಿದರು:

“ಇಕಿ ಮತ್ತ ಅಂವ, ಇಬ್ಬರೂ ಸಾಯೂದ್ರೊಳಗ ಒಮ್ಮೆರೆ ಮನಸ ಬಿಚ್ಚಿ ಮಾತಾಡ್ಲಿ ಅಂತ ಬೇಡೀನಿ.”

ನಾನು ಮಕ್ಕಳ ಕಡೆ ತಿರುಗಿ, “ಲೋಕಕ್ಕೆಲ್ಲ ಶಾಂತಿ ಸಿಗಲಿ ಅಂತ,” ಎಂದೆ. ಟೀಚರ್ ಚಪ್ಪಾಳೆ ತಟ್ಟಿದರು.

ಬೆಂಚಿನಿಂದ ಇಲ್ಜೆಯ ದನಿ ಬಂತು. “ಲೋಕಶಾಂತಿಗೆ ಅವರು ನನ್ನ ಕಡೆ ಯಾಕೆ ಬೆರಳು ತೋರಿಸಿದರು?”

ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಅವಳ ಹತ್ತಿರ ಹೋಗಿ ಕಿವಿಯಲ್ಲಿ ನಿಜ ಹೇಳಿದೆ. ಅವಳು ತೊಡೆಯ ಮೇಲಿನ ಕೈಚೀಲವನ್ನು ಪಕ್ಕಕ್ಕೆ ಇಟ್ಟಳು. “ಮುಂದುವರಿಸು ಆರ್ಥರ್,” ಎಂದಳು ಆಮೇಲೆ, “ಮಕ್ಕಳು ಕಾಯುತ್ತಿದ್ದಾರೆ.”

ಅವನು ಮುಂದುವರಿಸಿದ, ಆದರೆ ಮೊದಲಿನ ಗತ್ತು ಹೋಗಿತ್ತು. ಬಾಂಬು ಹಾಕುವ ಮುಂಚೆ ಜಾಗ ಗುರುತಿಸಲು ಬಣ್ಣದ ಬೆಳಕಿನ ಬಾಂಬು ಬಿಡುತ್ತಿದ್ದರು, ಎಂದ. ಕೆಂಪು, ಹಸಿರು ಬೆಳಕು ಗೊಂಚಲಾಗಿ ಮೇಲಿಂದ ನಿಧಾನ ಇಳಿಯುತ್ತದೆ. ಅಲ್ಲಿಗೆ ಅವನ ಮಾತು ನಿಂತುಬಿಟ್ಟಿತು.

“ನಾವು ಅದಕ್ಕೆ ಕ್ರಿಸ್‌ಮಸ್ ಗಿಡ ಅಂತಿದ್ದೆವು,” ಎಂದಳು ಇಲ್ಜೆ.

ಆರ್ಥರ್ ಅವಳ ಕಡೆ ನೋಡಿದ. “ನೀನು ನೋಡಿದ್ದೆಯಾ?”

“ಕಿಟಕಿಯಿಂದ. ನನಗೆ ಒಂಬತ್ತು ವರ್ಷ. ಅಷ್ಟು ಚೆಂದದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಅಮ್ಮ ನೆಲಮಾಳಿಗೆಗೆ ಎಳೆದರೆ, ಇನ್ನೂ ನೋಡಬೇಕು ಅಂತ ಹಟ ಮಾಡಿದೆ.”

ಟೀಚರ್ ಬಹಳ ಸೂಕ್ಷ್ಮದವರು. ಊಟದ ಹೊತ್ತಾಯಿತೆಂದು ಮಕ್ಕಳನ್ನು ಎಬ್ಬಿಸಿಕೊಂಡು ಹೋದರು. ಆರ್ಥರ್ ಬಂದು ಇಲ್ಜೆಯ ಪಕ್ಕ ಕೂತ. ನಾನೂ ಎದ್ದು ಹೋಗಬೇಕಿತ್ತು. ಆದರೆ ಅತ್ತೆ ಬೆಂಚಿನ ಈ ತುದಿಯಲ್ಲಿ ಕೂತು ನನ್ನ ಮುಂಗೈ ಮತ್ತೆ ಹಿಡಿದಿದ್ದರು. ಏನಂದಳು, ಏನಂದ, ಎಲ್ಲ ಬಿಡದೆ ಹೇಳಬೇಕು. ಆ ಬೆಂಚಿನ ಮೇಲೆ ನನ್ನ ಇಂಗ್ಲಿಷ್ ಸಂಸ್ಕಾರವೆಲ್ಲ ಮಣ್ಣುಪಾಲಾಯಿತು.

ಬೆಳಿಗ್ಗೆ ಮೇಲೆ ಬಂದಾಗ ಅವರ ಮನೆಗೆ ಛಾವಣಿ ಇರಲಿಲ್ಲವಂತೆ. ಎದುರುಮನೆಯಲ್ಲಿದ್ದ ಅವಳ ಗೆಳತಿಯೂ ಇರಲಿಲ್ಲ. “ಅವಳನ್ನು ಕೊಂದ ಬೆಳಕನ್ನು ನಾನು ಇನ್ನೂ ಬೇಕು, ಇನ್ನೂ ಬೇಕು ಅಂದಿದ್ದೆ,” ಎಂದಳು ಇಲ್ಜೆ. “ಅದನ್ನು ಯಾರಿಗೆ ಹೇಳಲಿ? ನಿನ್ನ ಮೇಲೆ ಸಿಟ್ಟು ಅಂತ ನೀನು ಅಂದುಕೊಂಡೆ. ಸಿಟ್ಟಲ್ಲ ಆರ್ಥರ್, ನಾಚಿಕೆ.”

ಆರ್ಥರ್ ತೋರುಕೋಲನ್ನು ಕೆಳಗಿಟ್ಟು ಹೇಳಿದ. “ನಿನ್ನ ಊರು ಯಾವುದು ಅಂತ ಗೊತ್ತಿತ್ತು. ಯಾವ ರಾತ್ರಿ ಅಂತ ಮಾತ್ರ ನಾನು ಕೇಳಲಿಲ್ಲ. ಕೇಳಿದ್ದರೆ, ಆ ಬಾಂಬುಗಳನ್ನು ಕಟ್ಟಿದ್ದು ನಾನೋ ಅಲ್ಲವೋ ಅಂತ ತಿಳಿದುಬಿಡುತ್ತಿತ್ತು.”

“ಈಗ ಕೇಳು.”

ಅವನು ಕೇಳಿದ. ಅವಳು ಹೇಳಿದಳು. ಅವನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ತಲೆಯಾಡಿಸಿದ. ಹೌದು, ಆ ರಾತ್ರಿ ವಿಮಾನಗಳು ಅವನ ನೆಲೆಯಿಂದಲೇ ಹೋಗಿದ್ದವು, ಬಾಂಬು ಅವನೇ ಕಟ್ಟಿದ್ದ. ಇಲ್ಜೆ ಅವನ ಬಾಗದ ಬೆನ್ನು ಬಾಗಿದ್ದನ್ನು ನೋಡುತ್ತ ಕೂತಳು. ಅವಳು ಅವನ ಬೆನ್ನ ಮೇಲೆ ಕೈಯಿಟ್ಟು, ನಮ್ಮ ಕಡೆ ತಿರುಗಿದಳು.

“ನೋಡಿ ಈ ಮನುಷ್ಯನನ್ನು. ನನ್ನ ಅಪ್ಪನ ಮನೆಯ ಇಡೀ ಛಾವಣಿ ತೆಗೆಯಲು ಒಂದು ರಾತ್ರಿ ಸಾಕಾಯಿತು. ನನ್ನ ಮನೆಯ ಒಂದು ಗಟರ್ ಸರಿಮಾಡಲು ಎರಡು ವರ್ಷ ಸಾಲದು.”

ಮುಚ್ಚಿದ ಕೈಗಳ ಹಿಂದೆ ಆರ್ಥರನ ಹೆಗಲು ಕುಲುಕತೊಡಗಿತು.

“ಅಂವ ಅಳಾಕತ್ತಾನೋ, ನಗಾಕತ್ತಾನೋ?” ಎಂದರು ಅತ್ತೆ.

“ಎರಡೂರೀ ಅತ್ತೀ.”

“ಹಂಗಾರ ಛಲೋ ಆತು. ನಡೀ, ಚಹಾ ಕುಡಿಯೂಣು. ಅವ್ರು ಬರ್ತಾರ.”

ಮುಂದಿನ ಮಂಗಳವಾರದಿಂದ ಇಲ್ಜೆಯೂ ಹೋಗತೊಡಗಿದಳು. ಬಾಂಬು ಹೇಗೆ ಮೇಲೆ ಹೋಗುತ್ತಿತ್ತು ಎಂದು ಅವನು ಹೇಳುವುದು, ಹೇಗೆ ಕೆಳಗೆ ಬರುತ್ತಿತ್ತು ಎಂದು ಅವಳು ಹೇಳುವುದು. ಮಕ್ಕಳ ಪ್ರಶ್ನೆಗಳೆಲ್ಲ ಅವಳಿಗೇ ಹೋಗುತ್ತವೆ, ತನ್ನನ್ನು ಯಾರೂ ಕೇಳುವುದಿಲ್ಲ ಎಂದು ಆರ್ಥರ್ ಬೇಲಿಯ ಹತ್ತಿರ ನನಗೆ ದೂರುತ್ತಿದ್ದ. ಎರಡು ಸಾವಿರದ ಇಸವಿಯ ನಂತರ ಅವನು ತೀರಿಕೊಂಡ. ಇಲ್ಜೆ ಇನ್ನೂ ಕೆಲವು ವರ್ಷ ಒಬ್ಬಳೇ ಹೋಗಿ ಎರಡೂ ಪಾಲು ಹೇಳುತ್ತಿದ್ದಳು. ಬಣ್ಣದ ಬೆಳಕಿನ ಮಾತು ಬಂದಾಗ ನಿಲ್ಲಿಸಿ ಪಕ್ಕಕ್ಕೆ ನೋಡುವಳಂತೆ. ನೀನು ನೋಡಿದ್ದೆಯಾ ಎಂದು ಯಾವುದಾದರೊಂದು ಮಗು ಕೇಳುವವರೆಗೆ ಮುಂದೆ ಹೋಗುತ್ತಿರಲಿಲ್ಲವಂತೆ. ಈಗ ಅವಳೂ ಇಲ್ಲ.

ಆ ದಿನ ಮ್ಯೂಸಿಯಂನಿಂದ ಮನೆಗೆ ನಡೆದು ಬರುವಾಗ ನಾನು ಅತ್ತೆಯನ್ನು ಹೊಗಳಿದೆ. ಅವರಿಗೆ ಹೊಗಳಿಕೆ ಇಷ್ಟ, ಆದರೂ ಅಂದು ಹಿಗ್ಗಲಿಲ್ಲ. ರಸ್ತೆಯ ಬದಿಯ ಗೋಡೆಗೆ ಒರಗಿ ಉಸಿರು ತೆಗೆದುಕೊಂಡರು.

“ಇದs ಬೇಡಿಕಿ ನಾ ನಮ್ಮ ತೋಪಿನ ಮುಂದ ಎಷ್ಟ ಸಲ ಇಟ್ಟೀನಿ ಯವ್ವಾ. ನಿಮ್ಮ ಮಾವ ಕೋರ್ಟಿನ್ಯಾಗ ಹಗಲೆಲ್ಲಾ ವಾದಾ ಮಾಡಾಂವ. ಮನೀಗೆ ಬಂದ್ರ ಉಪ್ಪು ತಾ, ನೀರು ಕೊಡು, ಅಷ್ಟs. ನನ್ನ ಮ್ಯಾಲ ಏನ ಸಿಟ್ಟೋ ಅಂತ ತಿಳೀಲಿಲ್ಲ. ನಮ್ಮ ತೋಪು ಕೇಳಲಿಲ್ಲ. ಈ ಪರದೇಸಿ ಬಾಂಬು ಕೇಳ್ತು ನೋಡು.” ಮತ್ತೆ ನಡೆಯುತ್ತ, “ಇದನ್ನ ನನ್ನ ಮಗಗ ಹೇಳಬ್ಯಾಡ,” ಎಂದರು.

ನಾನು ಹೇಳಲಿಲ್ಲ. ಅತ್ತೆ ಬಿಜಾಪುರಕ್ಕೆ ಹೋದ ಮೇಲೂ ಹೇಳಲಿಲ್ಲ, ಹೋಗಿಯೇಬಿಟ್ಟ ಮೇಲೂ ಹೇಳಲಿಲ್ಲ. ಅವ್ವ ಮ್ಯೂಸಿಯಂನಲ್ಲಿ ಏನು ಬೇಡಿದಳು ಎಂದು ಗಂಡ ಆಗ ಕೇಳಿದಾಗ, ಅವರಿಗೂ ಲೋಕಶಾಂತಿಯನ್ನೇ ಕೊಟ್ಟಿದ್ದೆ.

ಮೊನ್ನೆ ಹಜಾರದಲ್ಲಿ ನಾನು ಒಬ್ಬಳೇ ನಗುತ್ತ ನಿಂತದ್ದನ್ನು ಕಂಡು ಅವರು ಸೋಫಾದಿಂದ, “ಏನಾತು?” ಎಂದರು. ರಿಟೈರಾದ ಮೇಲೆ ನಮ್ಮ ಮನೆಯಲ್ಲಿ ಇಂಥ ಪ್ರಶ್ನೆಗಳಿಗೆ ಸಮಯ ಸಿಕ್ಕಿದೆ. ನನಗೇನು ಅನ್ನಿಸಿತೋ, ಎದುರು ಕೂತು ಎಲ್ಲ ಹೇಳಿದೆ. ಲೋಕಶಾಂತಿಯ ಸುಳ್ಳು ಹೇಳಿದೆ, ಗೋಡೆಗೆ ಒರಗಿ ಅತ್ತೆ ಆಡಿದ ಮಾತೂ ಹೇಳಿದೆ.

ಅವರು ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

“ಅಪ್ಪಾನೂ ಹೋಗ್ತಿದ್ದ, ತೋಪಿನ ಕಡೆ,” ಎಂದರು. “ನನ್ನನ್ನ ತನ್ನ ಹೆಗಲಮ್ಯಾಲ ಕೂಡಿಸಿಕೊಂಡು. ಐದಾರು ವರ್ಷದಾಂವ ಇದ್ದೆ. ಅದರ ಮ್ಯಾಲ ಕೈ ಇಟ್ಟು ಅಂತಿದ್ದ: ‘ಜಡ್ಜ್ ಸಾಹೇಬ್ರ ಮುಂದ ನಾಲಿಗಿ ಹೊರಳತೈತಿ, ಮನ್ಯಾಗ ಇಕಿ ಮುಂದ ಹೊರಳವಲ್ದು. ನನಗ ಒಂದೀಟ ಮಾತು ಕೊಡಪಾ’ ಅಂತ. ನಿಮ್ಮವ್ವಗ ಹೇಳಬ್ಯಾಡ ಅಂದಿದ್ದ. ನಾ ಹೇಳಲಿಲ್ಲ.”

ಕನ್ನಡಕ ಕೈಯಲ್ಲೇ ಇತ್ತು. “ಅವ್ವ ಆರು ತಿಂಗಳು ಇದs ಮನ್ಯಾಗ ಇದ್ಲು,” ಎಂದರು. “ಒಂದ ಮಾತು ಹೇಳಿದ್ರ ಆಗ್ತಿತ್ತು.”

ಎದ್ದು ಹೋಗಿ ಅವರ ಪಕ್ಕಕ್ಕೆ ಕೂತೆ.

“ಇನ್ನ ಏನೇನ ಹೇಳಿಲ್ಲ, ಈಗ ಹೇಳ್ರಿ,” ಎಂದೆ.

ಅವರು ಕನ್ನಡಕ ಹಾಕಿಕೊಂಡು, ಹೇಳತೊಡಗಿದರು.